ತಂಬಿರಾನ್ ಹೋರಿ ಹರಾಜಿಗಿಲ್ಲ

ನಮ್ಮ ಹೋರಿಯನ್ನು ಹರಾಜು ಹಾಕುತ್ತಿರುವುದನ್ನು ನಾನು ಮೊದಲು ನೋಡಿದ್ದು ದಿಂಡಿಗಲ್ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸಿಡಿ ಅಂಗಡಿಯಲ್ಲಿ. ಗಾಜಿನ ಹಿಂದೆ ಒಂದು ಕಂಪ್ಯೂಟರ್ ಇಟ್ಟು, ಹೊಸದಾಗಿ ಬಂದ ಆಟವೊಂದನ್ನು ಓಡಲು ಬಿಟ್ಟಿದ್ದರು. ಪರದೆಯ ಮೇಲೆ ಮರದ ಬೇಲಿ, ಬೇಲಿಯೊಳಗೆ ನಮ್ಮ ಹೋರಿ, ಪಕ್ಕದಲ್ಲಿ ದೊಡ್ಡ ಟೋಪಿಯ ಬಿಳಿಯನೊಬ್ಬ ಸುತ್ತಿಗೆ ಕುಟ್ಟುತ್ತಾ ಬೆಲೆ ಕೂಗುತ್ತಿದ್ದಾನೆ. ಎಡಗೊಂಬಿನ ತುದಿ ಮುರಿದದ್ದು, ಹಿಣಿಲಿನ ಮೇಲಿನ ಕಪ್ಪು, ನಡೆಯುವಾಗ ಹಿಂಗಾಲನ್ನು ಚೂರು ಎಳೆಯುವುದು, ಎಲ್ಲವೂ ನಾನು ಬರೆದದ್ದೇ. ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ, ಮೊದಲು ಇದನ್ನು ನಿಲ್ಲಿಸಿ ಅಂದೆ. ಬೇಕಿದ್ದರೆ ಸಿಡಿ ತಗೊಳ್ಳಿ, ಇಲ್ಲದಿದ್ದರೆ ಗಿರಾಕಿಗೆ ದಾರಿ ಬಿಡಿ ಎಂದ ಅಂಗಡಿಯವನು. ತಗೊಂಡೆ, ಮತ್ತೇನು ಮಾಡಲಿ! ಡಬ್ಬಿಯ ಮುಖದ ಮೇಲೂ ನಮ್ಮ ಹೋರಿಯೇ ಇತ್ತು. ಕೆಳಗೆ ‘ಇಂಡಿಯನ್ ಎಡಿಷನ್’ ಎಂದು ಬರೆದಿತ್ತು.

ನಾನು ಗೋಮತಿ. ಆಗ ಕಂಬಂನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ತೊಂಬತ್ತೊಂಬತ್ತನೇ ಇಸವಿ. ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದವರ ಮನೆ. ಬೆಂಗಳೂರು ಕಡೆಯವರು ನಮ್ಮ ಮಾತು ಕೇಳಿದರೆ ನಗುತ್ತಾರೆ, ನಗಲಿ. ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ಈ ಕಡೆಗೆ ಬಂದವರು ನಾವು. ಆ ದನದ ಸಂತತಿ ಎಂದು ನಾವು ನಂಬುವ ಮಂದೆಯೊಂದು ಇವತ್ತಿಗೂ ಊರಲ್ಲಿದೆ. ಅದಕ್ಕೆ ತಂಬಿರಾನ್ ಮಂದೆ ಅನ್ನುತ್ತೇವೆ. ತಂಬಿರಾನ್ ಅಂದರೆ ಒಡೆಯ, ನಮ್ಮ ದೇವರು. ಆ ದನ ಯಾರಪ್ಪನದೂ ಅಲ್ಲ. ಅದರ ಹಾಲು ಮಾರುವ ಹಾಗಿಲ್ಲ, ಕೊರಳಿಗೆ ನೊಗ ಇಡುವ ಹಾಗಿಲ್ಲ, ಸತ್ತರೆ ಮನುಷ್ಯರನ್ನು ಹೂಳಿದ ಹಾಗೆ ಹೂಳಬೇಕು. ಹರಕೆ ಹೊತ್ತವರು ಕರು ತಂದು, ಹಗ್ಗವನ್ನು ಕಾಯುವವನ ಕೈಗಿಟ್ಟು, ‘ಇನ್ನು ನಮ್ಮದಲ್ಲ’ ಎಂದು ಬಾಯಿಬಿಟ್ಟು ಹೇಳಿ, ತಿರುಗಿ ನೋಡದೆ ಮನೆಗೆ ಬರಬೇಕು. ಆಮೇಲೆ ಅದು ನಮ್ಮ ಕರು ಎಂದು ಯಾರಾದರೂ ಅಂದರೆ ಊರೆಲ್ಲ ಛೀ ಅನ್ನುತ್ತದೆ. ಹಬ್ಬದ ದಿನ ಕಬ್ಬಿನ ಜಲ್ಲೆ ತೋರಿಸಿದಾಗ ತಾನಾಗಿ ಮುಂದೆ ಬಂದು ತಿಂದ ಹೋರಿಗೆ ಪಟ್ಟ ಕಟ್ಟುತ್ತಾರೆ. ನಾನು ಬರೆದದ್ದು ಹಾಗೆ ಪಟ್ಟಕ್ಕೆ ಬಂದ ಹೋರಿಯನ್ನು. ಅದಕ್ಕೆ ಸುತ್ತಿಗೆ ಕುಟ್ಟಿ ಬೆಲೆ ಕೂಗುತ್ತಾರೆ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಆಟದ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ನೋಟಿಸು ಕಳಿಸಿಯಾರು. ಅಮೆರಿಕದವರು ಮಾಡಿದ್ದು. ಕುದುರೆ ಹತ್ತಿ ದನದ ಮಂದೆಯನ್ನು ಬಯಲು, ಹೊಳೆ, ಕಾಡು ದಾಟಿಸಬೇಕು, ಕಳ್ಳರು ಬಂದರೆ ಓಡಿಸಬೇಕು. ಕೊನೆಯಲ್ಲಿ ಒಂದು ದೊಡ್ಡಿ ಬರುತ್ತದೆ. ಅಲ್ಲಿ ದನವನ್ನೆಲ್ಲ ಹರಾಜು ಹಾಕಿದರೆ ಆಟ ಗೆದ್ದಂತೆ. ಸೆಂಟರಿನಲ್ಲಿ ಪಾಠ ಮುಗಿದ ಮೇಲೆ ನಾನು ಇದನ್ನು ಊಟ ಬಿಟ್ಟು ಆಡಿದ್ದೇನೆ. ದನ ಹೊಳೆ ದಾಟುವಾಗ ಎದೆ ಬಡಿದುಕೊಳ್ಳುತ್ತಿತ್ತು. ಆದರೆ ಆ ಕೊನೆಯ ದೊಡ್ಡಿ ಬಂದರೆ ಸಂಕಟ. ಅಷ್ಟು ದೂರ ಜೋಪಾನವಾಗಿ ನಡೆಸಿಕೊಂಡು ಬಂದದ್ದು ಮಾರುವುದಕ್ಕಾ?

ಆಟದ ಜೊತೆಗೆ ಕಂಪನಿಯವರೇ ಎಡಿಟರ್ ಎಂದು ಒಂದು ಸಲಕರಣೆ ಕೊಟ್ಟಿದ್ದರು. ಅದರಲ್ಲಿ ಆಡುವವರು ತಮಗೆ ಬೇಕಾದ ಬಯಲು, ತಮಗೆ ಬೇಕಾದ ದನ ಸೇರಿಸಿಕೊಳ್ಳಬಹುದು. ಹಾಗೆ ಸೇರಿಸಿ ಇಂಟರ್ನೆಟ್ಟಿನಲ್ಲಿ ಹಂಚುವ ಹುಚ್ಚರು ಪ್ರಪಂಚದ ತುಂಬ ಇದ್ದರು. ಫಿನ್‌ಲೆಂಡಿನವನೊಬ್ಬ ಕವಲುಗೊಂಬಿನ ಹಿಮದ ಜಿಂಕೆಗಳ ಮಂದೆ ಮಾಡಿ ಹಾಕಿದ್ದ. ನಾನೇನು ಕಡಿಮೆ? ತಂಬಿರಾನ್ ಮಂದೆಯನ್ನು ದನ ದನವಾಗಿ ಬರೆದೆ. ಚುಕ್ಕಿ ಚುಕ್ಕಿ ಇಟ್ಟು ಬರೆಯುವುದು ಅದು. ಒಂದು ಹೋರಿ ನಾಲ್ಕು ಹೆಜ್ಜೆ ನಡೆಯಬೇಕಾದರೆ ನನ್ನ ಕಣ್ಣು ನೀರಾಗಿ ಹರಿಯುತ್ತಿತ್ತು. ಹರಾಜಿನ ದೊಡ್ಡಿ ಕಿತ್ತುಹಾಕಿ, ಆ ಜಾಗದಲ್ಲಿ ನಮ್ಮ ಕೊಟ್ಟಿಗೆ ಇಟ್ಟೆ. ದನ ಹೋಗಿ ಮಲಗಿದರೆ ಆಟ ಗೆದ್ದಂತೆ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ದನ, ಕೊಟ್ಟಿಗೆ ನಾನು ಬರೆದದ್ದು. ಮರ, ಹುಲ್ಲು, ನೀರು, ಕುದುರೆ ಕಂಪನಿಯವರದು. ಅವೂ ಅದೇ ಗಂಟಿನಲ್ಲಿ ಹೋಗುತ್ತಿದ್ದವು, ಇಲ್ಲದಿದ್ದರೆ ಆಟ ಓಡುತ್ತಿರಲಿಲ್ಲ. ಎಲ್ಲರೂ ಹಾಗೇ ಹಂಚುತ್ತಿದ್ದರು, ಕಂಪನಿಗೂ ಗೊತ್ತಿತ್ತು. ನಮ್ಮಿಂದ ಅವರ ಆಟ ಹೆಸರು ಮಾಡುತ್ತಿರುವಷ್ಟು ದಿನ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಎಲ್ಲ ಮುಗಿದ ಮೇಲೆ ನನ್ನ ಮನಸ್ಸಿಗೆ ಒಂದು ಅಳುಕು ಬಂತು. ತಂಬಿರಾನ್ ದನವನ್ನು ಬರೆದು ನನ್ನದು ಅಂದುಕೊಳ್ಳಬಹುದಾ? ಅವ್ವನನ್ನು ಕೇಳಿದೆ. ಅವ್ವ, ನಾಗಮ್ಮಾಳ್, ಪೂಜೆ ವಿಷಯದಲ್ಲಿ ಒಂದಿಂಚು ಬಿಡುವವಳಲ್ಲ. ಕರು ಬಿಟ್ಟ ಹಾಗೇ ಇದನ್ನೂ ಬಿಟ್ಟುಬಿಡು ಎಂದಳು. ಪೊಂಗಲ್ ಮಾರನೇ ದಿನ ಫ್ಲಾಪಿಗೆ ಕುಂಕುಮ ಇಟ್ಟು ತಟ್ಟೆಯಲ್ಲಿ ತಗೊಂಡು ಹೋದೆವು. ಮಂದೆ ಕಾಯುವ ಪಿಚ್ಚೈ ತಾತ ಇದರೊಳಗೆ ಏನದೆ ಎಂದು ಕೇಳಿದರು. ದನ ಅವೆ ತಾತಾ ಅಂದೆ. ಸರಿ, ಹಾಗಾದರೆ ಹೇಳಬೇಕಾದ್ದನ್ನು ಹೇಳಿ ಹೋಗು ಎಂದು ತಟ್ಟೆ ಇಸಿದುಕೊಂಡರು. ನಾನು ‘ಇನ್ನು ನಮ್ಮದಲ್ಲ’ ಎಂದು ಹೇಳಿ, ತಿರುಗಿ ನೋಡದೆ ಬಂದೆ. ತೇನಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಮಂದೆಯ ಇನ್ನೊಂದು ಪ್ರತಿಯನ್ನು ಇಂಟರ್ನೆಟ್ಟಿನ ನನ್ನ ಪುಟಕ್ಕೆ ಏರಿಸಿ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ: ಇದು ನನ್ನದಲ್ಲ, ನಮ್ಮ ದೇವರದು, ಯಾರು ಬೇಕಾದರೂ ತಗೊಂಡು ಹೋಗಿ ನಡೆಸಿ, ಮಾರಬೇಡಿ.

ಮಾರಿದರು. ಆಟವನ್ನು ಇಲ್ಲಿ ಮಾರುವ ಹಕ್ಕು ಪಡೆದಿದ್ದ ಚೆನ್ನೈಯ ಕಂಪನಿಯವರು ನನ್ನ ಮಂದೆಯನ್ನು ಎತ್ತಿಕೊಂಡು, ಕೊಟ್ಟಿಗೆ ಬಿಸಾಕಿ, ಹರಾಜಿನ ದೊಡ್ಡಿಯನ್ನು ಮತ್ತೆ ನಿಲ್ಲಿಸಿ, ಪಟ್ಟದ ಹೋರಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದರು. ದಿಂಡಿಗಲ್‌ನಿಂದ ವಾಪಸು ಬಂದವಳೇ ಅವರಿಗೆ ಖಾರವಾಗಿ ಒಂದು ಇಮೇಲ್ ಬರೆದೆ. ಉತ್ತರ ಬಂತು. ನಿಮ್ಮ ಪುಟದಲ್ಲಿ ನಮ್ಮ ಮರ, ನಮ್ಮ ಕುದುರೆ ಹಂಚುತ್ತಿದ್ದೀರಿ, ಅದು ಕಾಪಿರೈಟ್ ಕಳ್ಳತನ, ಕೂಡಲೇ ತೆಗೆಯಿರಿ ಎಂದು ಮೊದಲು ಗದರಿಸಿದ್ದರು. ಎಡಿಟರಿನಲ್ಲಿ ಏನೇ ಮಾಡಿದರೂ ಅದು ಕಂಪನಿಗೆ ಸೇರುತ್ತದೆ ಎಂಬ ಷರತ್ತಿಗೆ ನೀವು ಒಪ್ಪಿಯೇ ಬಟನ್ ಒತ್ತಿದ್ದೀರಿ ಎಂದಿದ್ದರು. ಅಲ್ಲದೆ ಹೋರಿ ನಿಮ್ಮದಲ್ಲ ಎಂದು ನೀವೇ ಬರೆದಿದ್ದೀರಲ್ಲ, ಮತ್ತೆ ನಿಮ್ಮ ತಕರಾರು ಏನು ಎಂದೂ ಕೇಳಿದ್ದರು. ಕೆಳಗೆ ಬಾಲಮುರುಗನ್, ಮ್ಯಾನೇಜರ್ ಎಂದಿತ್ತು. ನಾನು ಮರ ಹಂಚಿದರೆ ಕಳ್ಳತನವಂತೆ, ಅವರು ಹೋರಿ ಮಾರಿದರೆ ವ್ಯಾಪಾರವಂತೆ! ಆ ಕಾಗದವನ್ನು ಪ್ರಿಂಟ್ ತೆಗೆದುಕೊಂಡು ಅವ್ವನನ್ನೂ ಎಬ್ಬಿಸಿಕೊಂಡು ಮತ್ತೆ ದಿಂಡಿಗಲ್ ಬಸ್ ಹತ್ತಿದೆ.

ಕಾಮರಾಜ್ ಮಾವ ಅವ್ವನ ತಮ್ಮ. ದಿಂಡಿಗಲ್ ಕೋರ್ಟಿನಲ್ಲಿ ವಕೀಲರು. ಜಮೀನು, ಬಾವಿ, ಬೇಲಿ ಇವೇ ಅವರ ಕೇಸುಗಳು, ಕಂಪ್ಯೂಟರ್ ಮುಟ್ಟಿದವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಬರೆದ ಹೋರಿಗೆ ಜಗಳಾನಾ ಎಂದರು. ಅವ್ವ ಸುಮ್ಮನೆ ಅವರ ಮುಖ ನೋಡಿದಳು, ಅಷ್ಟೇ. ಮಾವ ನಗು ನಿಲ್ಲಿಸಿ ಯಾರ ಹತ್ತಿರವೋ ಕಾಪಿರೈಟ್ ಕಾನೂನಿನ ಪುಸ್ತಕ ತರಿಸಿಕೊಂಡರು. ಎರಡು ದಿನ ಬಿಟ್ಟು ಫೋನ್ ಮಾಡಿದಾಗ ದನಿಯೇ ಬೇರೆಯಾಗಿತ್ತು. ಬರೆದವರು ಕೈಯಾರೆ ಸೈನ್ ಹಾಕಿ ಕೊಡದೆ ಯಾವ ಕಂಪನಿಗೂ ಹಕ್ಕು ಹೋಗುವುದಿಲ್ಲವಂತೆ, ಬಟನ್ ಒತ್ತಿದ್ದೆಲ್ಲ ಲೆಕ್ಕಕ್ಕಿಲ್ಲವಂತೆ. ಬಿಟ್ಟುಕೊಡುವುದಾದರೂ ದಿಲ್ಲಿಗೆ ಫಾರಂ ಕಳಿಸಬೇಕಂತೆ, ದೇವರ ಮುಂದೆ ಹೇಳಿದರೆ ಸಾಲದಂತೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಹೋರಿ ಇವತ್ತಿಗೂ ನನ್ನದೇ. ಮಾವ ಕಂಪನಿಗೆ ನೋಟಿಸು ಕಳಿಸಿದರು. ಬಾಲಮುರುಗನ್ ನಾನೇ ಬಂದು ಮಾತಾಡುತ್ತೇನೆ ಎಂದು ತಿಳಿಸಿದರು.

ಮಹಡಿ ಮೇಲಿನ ಮಾವನ ಆಫೀಸಿಗೆ ಬಂದವರು ಮೂವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಶರ್ಟು, ಕೈಯಲ್ಲಿ ಚರ್ಮದ ಬ್ಯಾಗು, ಮಾತು ಮಾತಿಗೂ ಮೇಡಂ. ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದೆ. ಅವರು ಚೊಕ್ಕ ತಮಿಳಿನಲ್ಲಿ ನನ್ನನ್ನು ಹೊಗಳಲು ಶುರುಮಾಡಿದರು. ಇಂಥ ಕೈ ಚೆನ್ನೈಯಲ್ಲೂ ಇಲ್ಲ ಎಂದರು. ಆಮೇಲೆ ಬ್ಯಾಗಿನಿಂದ ಒಂದು ಪತ್ರ ತೆಗೆದು ಮುಂದಿಟ್ಟರು. ಹೋರಿಯನ್ನು ಬರೆದವಳು ನಾನು, ಅದನ್ನು ಕಂಪನಿಗೆ ಕೊಟ್ಟಿದ್ದೇನೆ ಎಂದು ಸೈನ್ ಹಾಕಿದರೆ ಸಾಕು. ಮುಂದಿನ ಸಿಡಿಗಳ ಮೇಲೆ ನನ್ನ ಹೆಸರು ಬರುತ್ತದೆ, ಚೆನ್ನೈ ಆಫೀಸಿನಲ್ಲಿ ಚಿತ್ರ ಬರೆಯುವ ಕೆಲಸ ಸಿಗುತ್ತದೆ, ನನ್ನ ಪುಟದಲ್ಲಿರುವ ಮರ, ಕುದುರೆಯ ಮಾತನ್ನೂ ಮರೆತುಬಿಡುತ್ತಾರೆ. ಹರಾಜು ಮಾತ್ರ ಇರುತ್ತದೆ. ಆಟವೇ ಅದು ಮೇಡಂ ಎಂದರು.

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಚಿತ್ರ ಬರೆಯುವುದೇ ಕೆಲಸ, ಅದಕ್ಕೆ ಸಂಬಳ! ಕಂಬಂನಲ್ಲಿ ಹುಡುಗಿಯರಿಗೆ ಟೈಪಿಂಗ್ ಹೇಳಿಕೊಡುವವಳಿಗೆ ಇದಕ್ಕಿಂತ ದೊಡ್ಡ ಕನಸು ಏನಿದೆ? ಡಬ್ಬಿಯ ಮೇಲೆ ನನ್ನ ಹೆಸರು ಹೇಗೆ ಕಾಣಬಹುದು ಎಂದು ಒಂದು ಕ್ಷಣ ಯೋಚಿಸಿಯೂ ಬಿಟ್ಟೆ. ಪಕ್ಕದಲ್ಲಿ ಡಬ್ಬಿ ಇತ್ತು. ಅದರ ಮೇಲೆ ಹೋರಿ, ಹೋರಿಯ ಕೊರಳಿಗೆ ಒಂದು ಬೆಲೆಯ ಚೀಟಿ. ಆ ಚೀಟಿ ನಾನು ಬರೆದದ್ದಲ್ಲ.

ಸೈನ್ ಹಾಕಲ್ಲ ಅಂದೆ.

ಮಾವ ಪತ್ರವನ್ನು ಪಕ್ಕಕ್ಕೆ ಸರಿಸಿ ನಮ್ಮ ಮನೆಮಾತಿಗೆ ತಿರುಗಿದರು. ಇದು ನಮ್ಮವರ ಹಳೇ ಚಾಳಿ. ಸಂತೆಯಿರಲಿ, ಆಸ್ಪತ್ರೆಯಿರಲಿ, ಎದುರಿಗಿರುವವರು ತಮಿಳರು ಅಂದರೆ ಸಾಕು, ಗುಟ್ಟಿನ ಮಾತನ್ನೆಲ್ಲ ಅವರ ಮುಂದೆಯೇ ಕನ್ನಡದಲ್ಲಿ ಗಟ್ಟಿಯಾಗಿ ಆಡುತ್ತೇವೆ. ನಮ್ಮ ಮಾತು ಇನ್ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

“ಒಳ್ಳೇದೇ ಆಯ್ತು ಕಣ್ಣು,” ಎಂದು ಮುದ್ದಿನಿಂದ ಕರೆದರು ಮಾವ. “ಕೇಸು ಹಾಕಾಣ. ಕೋರ್ಟಲ್ಲಿ ನಿಂತು ಒಂದೇ ಒಂದು ಮಾತು ನೀ ಹೇಳ್ಬೇಕು, ಈ ಹೋರಿ ನಂದು ಅಂತ. ಅಷ್ಟೇ ಸಾಕು, ಸಿಡಿ ಎಲ್ಲಾ ನಿಂತೋತದೆ.”

“ಅದ ಹೇಳಾಕಾಗಲ್ಲ ಮಾವಾ.”

“ಯಾತಕ್ಕೆ?”

“ಹಗ್ಗ ಬಿಟ್ಟಾಯ್ತಲ್ಲ. ತಂಬಿರಾನ್ ಮುಂದೆ ನಂದಲ್ಲ ಅಂದವಳು, ಜಡ್ಜ್ ಮುಂದೆ ನಂದು ಅನ್ಲಾ?”

ಮಾವ ತಲೆ ಚಚ್ಚಿಕೊಂಡರು. ಹಾಗಾದರೆ ದೇವರ ಹೆಸರಲ್ಲೇ ಕೇಸು ಹಾಕಬೇಕಾಗುತ್ತದೆ, ಅದಕ್ಕೆ ಊರ ಹಿರಿಯರು ಕೂಡಬೇಕು, ಅವರಿಗೆ ಕಂಪ್ಯೂಟರ್ ಅಂದರೇನು ಎಂದು ಹೇಳುವುದರೊಳಗೆ ನನ್ನ ಮೊಮ್ಮಕ್ಕಳಿಗೆ ಮದುವೆಯಾಗಿರುತ್ತದೆ ಎಂದು ಗೊಣಗಿದರು. ಅವ್ವನ ಕಡೆ ತಿರುಗಿ ನೀನಾದರೂ ಹೇಳಕ್ಕಾ ಎಂದರು. ಅವ್ವ ನನ್ನ ಕೈ ಮೇಲೆ ಕೈಯಿಟ್ಟು, ಅವಳು ಅಂದದ್ದು ಸರಿ ಎಂದಳು. ಮಾವ ಸೋತರು.

“ಹಂಗಾದ್ರೆ ನಮ್ಮ ಕೈಲಿ ಏನೂ ಇಲ್ಲೆ. ನಿಂದು ಅನ್ನಲ್ಲ ಅಂದ್ರೆ ಕೇಸೇ ಇಲ್ಲೆ. ಬಾಯಿ ಮುಚ್ಕೊಂಡಿರು, ಇವರಿಗೆ ಇದು ತಿಳೀಬಾರ್ದು. ಚುಮ್ಮಾ ಹೆದರಿಸಿ ನೋಡ್ತೀನಿ.”

ಬಾಲಮುರುಗನ್ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ತಡವರಿಸುತ್ತಾ, ಒಂದೊಂದೇ ಮಾತು ಹುಡುಕಿಕೊಳ್ಳುತ್ತಾ, ನಮ್ಮದೇ ಕನ್ನಡದಲ್ಲಿ ಹೇಳಿದರು:

“ಹೆದರಿಸ್ಬೇಡಿ ಐಯಾ. ನಂಗೆ ತಿಳೀತು.”

ಮಾವನ ಮುಖ ಬೆಳ್ಳಗಾಯಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಬಾಲಮುರುಗನ್‌ಗೆ ಮಾತು ಮುಂದಕ್ಕೆ ಹೋಗಲಿಲ್ಲ, ತಮಿಳಿಗೆ ಇಳಿದರು. ಅವರ ಮನೆಯವರು ನಮ್ಮ ಕಣಿವೆಯದೇ ತೇವಾರಂ ಊರಿನವರಂತೆ. ನಮ್ಮವರೇ. ಅಪ್ಪ ಕೆಲಸಕ್ಕೆ ಚೆನ್ನೈ ಸೇರಿದ ಮೇಲೆ ಮನೆಯಲ್ಲಿ ತಮಿಳೇ ಆಯಿತು, ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ ಎಂದರು. ಆಮೇಲೆ ಮತ್ತೆ ಮ್ಯಾನೇಜರ್ ಆಗಿ ನೆಟ್ಟಗೆ ಕೂತರು. ನೀವು ಕೋರ್ಟಿಗೆ ಬರುವುದಿಲ್ಲ ಎಂದು ಈಗ ಗೊತ್ತಾಯಿತು, ನಿಮ್ಮ ಸೈನ್ ಕೂಡ ನನಗೆ ಬೇಡ, ಸಿಡಿ ಹೀಗೇ ಮಾರುತ್ತದೆ, ನಾನು ಹೊರಡುತ್ತೇನೆ ಎಂದು ಬ್ಯಾಗು ಎತ್ತಿಕೊಂಡರು.

ಅಲ್ಲಿಯವರೆಗೆ ನನಗಿದ್ದದ್ದು ಕಂಪನಿಯ ಮೇಲಿನ ಸಿಟ್ಟು. ಗೊತ್ತಿಲ್ಲದೆ ಮಾಡಿದ್ದಾರೆ, ಪಟ್ಟಣದವರು, ಅವರಿಗೆ ಹೋರಿ ಅಂದರೆ ಒಂದು ಹೋರಿ ಅಷ್ಟೇ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಆ ಸಮಾಧಾನವೂ ಹೋಯಿತು. ಎದ್ದು ಬಾಗಿಲಿಗೆ ಅಡ್ಡ ನಿಂತೆ.

“ಹಂಗಾದ್ರೆ ನಿಮಿಗೆ ಇದು ಯಾವ ಹೋರಿ ಅಂತ ಗೊತ್ತಿತ್ತು,” ಅಂದೆ.

ಅವರ ಕಣ್ಣು ಮೇಜಿನ ಮೇಲಿದ್ದ ಡಬ್ಬಿಯ ಕಡೆ ಹೋಯಿತು.

“ಗೊತ್ತಿದ್ದೂ ಬೆಲೆ ಚೀಟಿ ಕಟ್ಟಿದ್ರಾ?”

ಅವರು ಬ್ಯಾಗನ್ನು ಮತ್ತೆ ಕೆಳಗಿಟ್ಟರು. ತಮಿಳಿನಲ್ಲಿ, ನೆಲ ನೋಡುತ್ತಾ ಹೇಳಿದರು. ಇಂಡಿಯನ್ ಎಡಿಷನ್‌ಗೆ ದನ ಹುಡುಕುವ ಕೆಲಸ ಅವರಿಗೇ ಬಂದಿತ್ತಂತೆ. ಇಂಟರ್ನೆಟ್ಟಿನಲ್ಲಿ ನೂರಾರು ಚಿತ್ರ ನೋಡಿ ನೋಡಿ ಸಾಕಾಗಿದ್ದಾಗ ಈ ಮಂದೆ ಕಣ್ಣಿಗೆ ಬಿತ್ತಂತೆ. ನೋಡಿದ ತಕ್ಷಣ ಗುರುತು ಸಿಕ್ಕಿತು, ಚಿಕ್ಕವನಿದ್ದಾಗ ಅಜ್ಜಿ ಕಂಬಂಗೆ ಕರೆದುಕೊಂಡು ಬಂದು ತೋರಿಸಿದ್ದಳು, ಆಫೀಸಿನಲ್ಲಿ ಎಲ್ಲರನ್ನೂ ಕರೆದು ನಮ್ಮೂರ ದನ ಎಂದು ತೋರಿಸಿದೆ, ಡಬ್ಬಿಯ ಮೇಲೆ ಇದೇ ಇರಬೇಕು ಎಂದು ಹಟ ಹಿಡಿದವನೂ ನಾನೇ ಎಂದರು. ಹರಾಜು ಆಟದಲ್ಲಿ ಮೊದಲಿಂದಲೂ ಇದ್ದದ್ದು, ಅದೊಂದು ಆಟ ತಾನೇ ಎಂದೂ ಸೇರಿಸಿದರು. ಆ ಕೊನೆಯ ಮಾತು ಬಹಳ ಮೆಲ್ಲಗೆ ಬಂತು.

ಅವರು ಹೇಳಿದ್ದು ನಿಜ ಅನ್ನಿಸಿತು. ನನ್ನ ಹಾಗೇ ಆ ಮಂದೆಯನ್ನು ನೋಡಿ ಕುಣಿದಾಡಿದ ಒಬ್ಬ ಮನುಷ್ಯ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

“ಅಜ್ಜಿ ಇದಾರಾ?” ಎಂದು ಕೇಳಿದಳು ಅವ್ವ.

ಇದ್ದಾರೆ, ತೇವಾರಂನಲ್ಲೇ ಎಂದರು. ಕಣ್ಣು ಕಾಣಿಸುತ್ತದಾ ಎಂದು ಅವ್ವ ಮತ್ತೆ ಕೇಳಿದಳು. ಕಾಣಿಸುತ್ತದೆ ಎಂದರು.

ನಾನು ಮೇಜಿನ ಮೇಲಿದ್ದ ಸಿಡಿ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟೆ. “ಇದ ತಗೊಂಡು ತೇವಾರಂಗೆ ಹೋಗಿ. ಈ ಹೋರಿ ಮಾರಾದ ನಿಮ್ಮ ಅಜ್ಜೀಗೆ ತೋರ್ಸಿ. ಸುತ್ತಿಗೆ ಕುಟ್ಟೋ ಸದ್ದೂ ಕೇಳ್ಸಿ. ಆಯಮ್ಮ ಪರವಾಯಿಲ್ಲೆ ಅಂದ್ರೆ ನಾ ಅವತ್ತೇ ನಿಮ್ಮ ಪತ್ರಕ್ಕೆ ಸೈನ್ ಹಾಕ್ತೀನಿ. ನಂಗೆ ಕೆಲಸವೂ ಬೇಡ, ಹೆಸರೂ ಬೇಡ.”

ಮಾವ ನನ್ನನ್ನು ಬೈಯಲು ಬಾಯಿ ತೆರೆದರು. ಅವ್ವ ಅವರನ್ನು ಕಣ್ಣಲ್ಲೇ ತಡೆದಳು. ಕೆಳಗೆ ಬೀದಿಯಲ್ಲಿ ಬೀಗ ಮಾರುವವನೊಬ್ಬ ಬೀಗದ ಗೊಂಚಲು ಅಲ್ಲಾಡಿಸುತ್ತಾ ಕೂಗಿಕೊಂಡು ಹೋದ. ಬಾಲಮುರುಗನ್ ಡಬ್ಬಿಯನ್ನು ತಿರುಗಿಸಿ, ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟರು. ಮತ್ತೆ ಕುರ್ಚಿಯಲ್ಲಿ ಕೂತರು.

“ಅಜ್ಜೀಗೆ ತೋರ್ಸಾಕಾಗಲ್ಲ,” ಎಂದರು. ಕನ್ನಡದಲ್ಲೇ.

“ಹಂಗಾದ್ರೆ ಅದನ್ನೇ ಬರ್ದುಕೊಡಿ,” ಅಂದೆ.

ಮಾವ ಒಂದು ಬಿಳಿ ಹಾಳೆ ಮುಂದಿಟ್ಟರು. ಅಜ್ಜಿಯ ಮಾತನ್ನು ಬಾಲಮುರುಗನ್ ಬರೆಯಲಿಲ್ಲ. ಇನ್ನು ಮುಂದೆ ಅಚ್ಚಾಗುವ ಯಾವ ಸಿಡಿಯಲ್ಲೂ ಈ ಮಂದೆ ಇರುವುದಿಲ್ಲ, ಅಂಗಡಿಗಳಲ್ಲಿ ಉಳಿದಿರುವುದನ್ನು ವಾಪಸು ತರಿಸುತ್ತೇವೆ ಎಂದು ಬರೆದು, ಕೆಳಗೆ ತಮ್ಮ ಸೈನ್ ಹಾಕಿದರು. ಅದಕ್ಕೆ ಆಫೀಸಿನಲ್ಲಿ ಏನು ಕಾರಣ ಹೇಳುತ್ತೀರಿ ಎಂದು ಮಾವ ಕೇಳಿದರು. ಮಾರುವ ಹಾಗಿಲ್ಲದ ದನ ಎಂದು ಹೇಳುತ್ತೇನೆ, ಕೆಲಸದಿಂದ ತೆಗೆದರೆ ತೆಗೆಯಲಿ ಎಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆಗ.

ಎದ್ದು ನಿಂತವರು ಮತ್ತೆ ಮ್ಯಾನೇಜರ್ ಆದರು. ನಮ್ಮ ಮರ, ನಮ್ಮ ಹುಲ್ಲು, ನಮ್ಮ ಕುದುರೆ ಇನ್ನೂ ನಿಮ್ಮ ಪುಟದಲ್ಲಿವೆಯಲ್ಲ ಎಂದರು. ಅಮೆರಿಕದವರು ಅದನ್ನು ಬಿಡುವುದಿಲ್ಲ, ಹೋರಿ ಕೈಬಿಟ್ಟು ಹೋದ ಮೇಲಂತೂ ಖಂಡಿತ ಬಿಡುವುದಿಲ್ಲ ಎಂದರು. ನ್ಯಾಯವಾದ ಮಾತು. ಅವರದನ್ನು ಇಟ್ಟುಕೊಳ್ಳುವ ದರ್ದು ನನಗಿರಲಿಲ್ಲ.

“ನಾಳೇನೇ ತೆಗೀತೀನಿ. ನಿಮ್ಮದು ನಿಮಿಗೇ ಇರ್ಲಿ.”

“ಮರ, ಹುಲ್ಲು ಇಲ್ದೆ ದನ ಎಲ್ಲಿ ನಿಂತ್ಕೊತವೆ?” ಎಂದು ಕೇಳಿದರು ಬಾಲಮುರುಗನ್. ಮ್ಯಾನೇಜರ್ ಕೇಳಿದ ಹಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಅದರದೇ ಚಿಂತೆಯಾಗಿತ್ತು.

“ನಾನೇ ಬರೀತೀನಿ,” ಅಂದೆ. “ಪೂರಾ ಕಣಿವೇನೇ ಬರೀತೀನಿ. ಕುದುರೆ ನಮಿಗೆ ಬೇಕೇ ಇಲ್ಲೆ, ನಮ್ಮ ದನ ನಾವು ನಡ್ಕೊಂಡೇ ಕಾಯೋದು.”